ರಾಣಿಬೀಬಿಯ ಜಾಲರಿ

ಹರಳೆಣ್ಣೆ ವಾಸನೆ ಬಂದರೆ ಈಗಲೂ ನನ್ನ ಕಿವಿ ಉರಿಯುತ್ತದೆ.

ಕೊಳ್ಳೇಗಾಲ ಮದರಾಸಿಗೆ ಸೇರಿದ್ದ ಕಾಲ. ಊರಾಚೆಯ ರಾಣಿಬೀಬಿ ಗೋರಿಯ ಕಲ್ಲಿನ ಜಾಲರಿಗೆ ನಮ್ಮ ಮಗ್ಗದ ಮನೆಗಳ ಹೆಂಗಸರು ಮಗು ಬೇಡಿ ರೇಷ್ಮೆ ಎಳೆ ಕಟ್ಟುತ್ತಿದ್ದರು. ಒಳಬದಿಯ ಕೆಂಪು ಎಳೆ ನನ್ನ ಗಾಳಿಪಟಕ್ಕೆ ಬೇಕೆಂದು ತಲೆ ತೂರಿಸಿದೆ. ಎಳೆ ಬಂತು, ತಲೆ ಬರಲಿಲ್ಲ. ನನ್ನ ಅರಚಾಟಕ್ಕೆ ಒಳಗಿದ್ದ ಬಾವಲಿಗಳೂ ಊರು ಬಿಟ್ಟವು. ಗಲ್ಲಕ್ಕೆ ತಣ್ಣನೆಯ ಕಲ್ಲು ಒತ್ತಿಕೊಂಡು ನಾನೊಬ್ಬನೇ ಉಳಿದೆ.

ಗೋರಿಗೆ ದೀಪ ಹಚ್ಚುವ ಅಜ್ಜಿ ಹಣತೆಯ ಹರಳೆಣ್ಣೆಯನ್ನು ನನ್ನ ಕಿವಿಗೆ ಸವರಿದಳು. "ಅರಚ್ಬ್ಯಾಡ ಕಣ್ಲಾ, ಬೀಬಿಗೂ ಮಕ್ಳಿಲ್ಲ, ನಿನ್ನೇ ಮಡಿಕಂಡಾಳು!"

ಚರ್ಮ ಸುಲಿದುಕೊಂಡು ಹೊರಬಂದಾಗ ಅವ್ವ ನಿಂತಿದ್ದಳು. ನನ್ನ ಮುಷ್ಟಿ ಬಿಡಿಸಿ ಎಳೆ ನೋಡಿದಳು, ಹೊಡೆಯಲಿಲ್ಲ.

"ನಿಂಗೊಬ್ಬ ತಮ್ಮ ಬೇಕೂಂತ ಕಟ್ಟಿದ್ದೆ ಕಣ್ಲಾ."

ಅದನ್ನೇ ಮತ್ತೆ ಕಟ್ಟಿದಳು, ಮೂರು ಗಂಟು ಹಾಕಿ. ಆ ಗಂಟು ಬಿಚ್ಚಿಕೊಳ್ಳಲಿಲ್ಲ. ನಮ್ಮ ಮನೆಯ ತೊಟ್ಟಿಲೂ ಅಟ್ಟದಿಂದ ಇಳಿಯಲಿಲ್ಲ.