ಹಸಿರು ಚೌಕ

ಫ್ಲ್ಯಾಶ್ ಬೆಳಕು ಕನ್ನಡಿಗೆ ಬಡಿದು ಇಡೀ ಕ್ಷೌರದಂಗಡಿ ಬೆಳ್ಳಗಾಯಿತು. ಹೊಸ ಡಿಜಿಟಲ್ ಕ್ಯಾಮೆರಾದ ಪರದೆಯಲ್ಲಿ ಒಂದು ಬಿಳಿ ಉಂಡೆ ಬಿಟ್ಟರೆ ಕುರ್ಚಿಯಲ್ಲಿದ್ದ ಗಿರಾಕಿಯ ಮುಖವೇ ಕಾಣಲಿಲ್ಲ.

“ಅಪ್ಪಾ, ಇದು ನಾಲ್ಕನೇದು,” ಎಂದಳು ಮಗಳು. ಒಳ್ಳೆಯ ಕಟಿಂಗ್‌ಗಳ ಫೋಟೊ ಗೋಡೆಗೆ ಹಾಕೋಣವೆಂದು ಕ್ಯಾಮೆರಾ ತಂದವಳು ಅವಳೇ. “ಕನ್ನಡೀಲಿ ಯಾಕೆ ತೆಗೀತೀಯ? ಎದುರಿಗೆ ಬಂದು ತೆಗಿ.”

ಮೂವತ್ತು ವರ್ಷ ಕ್ಷೌರಿಕ ಗಿರಾಕಿಗಳ ಮುಖ ನೋಡಿದ್ದೆಲ್ಲ ಕನ್ನಡಿಯಲ್ಲೇ. ಅದರಲ್ಲೂ ಈ ಗಿರಾಕಿ ಅವನ ಒಡಹುಟ್ಟಿದ ಅಣ್ಣ. ಇಬ್ಬರೂ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ಆದರೂ ಜಗಳ ಬಾಯಿಗೆ, ಕೂದಲಿಗಲ್ಲ ಎನ್ನುವಂತೆ ಅಣ್ಣ ತಿಂಗಳು ತಪ್ಪದೆ ಬಂದು ಕೂರುತ್ತಿದ್ದ. ಸಾಕು, ಇನ್ನೂ ಸಣ್ಣಗೆ ಎನ್ನುವುದೆಲ್ಲ ಕನ್ನಡಿಯೊಳಗೆ ಹುಬ್ಬಿನ ಸನ್ನೆಯಲ್ಲೇ ಮುಗಿಯುತ್ತಿತ್ತು.

ಕ್ಷೌರಿಕ ಕನ್ನಡಿಗೂ ಕುರ್ಚಿಗೂ ನಡುವೆ ಬಂದು ನಿಂತ.

“ಮೊದಲು ಬಟನ್ ಅರ್ಧ ಒತ್ತು. ಮುಖದ ಮೇಲೆ ಹಸಿರು ಚೌಕ ಬಂದಮೇಲೆ ಪೂರ್ತಿ ಒತ್ತು,” ಎಂದಳು ಮಗಳು.

ಅರ್ಧ ಒತ್ತಿದ. ಹಸಿರು ಚೌಕ ಅಣ್ಣನ ಮುಖದ ಮೇಲೆ ಕೂತಿತು. ಕನ್ನಡಿಯಲ್ಲಿ ಎಡಕ್ಕೆ ಕಾಣುತ್ತಿದ್ದ ಹುಬ್ಬಿನ ಗಾಯದ ಕಲೆ ಇಲ್ಲಿ ಬಲಕ್ಕಿತ್ತು. ಚಿಕ್ಕಂದಿನಲ್ಲಿ ತಾನೇ ಕಲ್ಲೆಸೆದು ಮಾಡಿದ ಗಾಯ. ಬೆರಳು ಅರ್ಧದಲ್ಲೇ ನಿಂತಿತು.

“ಒತ್ತಪ್ಪಾ, ಯಾಕೆ ನಿಂತೆ?”

“ಅವಸರ ಮಾಡಬೇಡ ಮಗಳೇ,” ಎಂದ ಅಣ್ಣ. ಆಮೇಲೆ ತಮ್ಮನ ಕಡೆ ತಿರುಗಿ, “ಲೋ, ಆ ಡಬ್ಬ ಸ್ವಲ್ಪ ಕೆಳಗಿಳಿಸೋ. ನಾನೂ ನಿನ್ನ ಮುಖ ನೋಡ್ತೀನಿ,” ಎಂದ.