ನೆಲಮಾಳಿಗೆಯ ಗಂಗೆ

ಹೆರಿಗೆಯಾಗಿ ಮೂರು ತಿಂಗಳಾದ ಮೊಮ್ಮಗಳಿಂದ ಗಂಗೆಪೂಜೆ ಮಾಡಿಸಬೇಕು; ಆದರೆ ಬಾವಿ ಎಲ್ಲಿದೆ? ವಠಾರ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿದಾಗ ಅಲ್ಲಿದ್ದ ಬಾವಿಗೆ ಇಟ್ಟಿಗೆ ಚೂರು ತುಂಬಿ ಮುಚ್ಚಿಬಿಟ್ಟಿದ್ದರು. ಕಾಮಾಕ್ಷಮ್ಮನಿಗೆ ಅದೇ ಚಿಂತೆ.

“ನಲ್ಲಿಗೇ ಪೂಜೆ ಮಾಡಿಸಿ ಅಮ್ಮ. ಈ ಕಾಲದಲ್ಲಿ ಇನ್ನೂ ಇವೆಲ್ಲ ಯಾಕೆ?” ಎಂದು ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ನಂಜುಂಡಸ್ವಾಮಿ ನಕ್ಕಿದ್ದರು.

“ಪಾಯಿಖಾನೆ ಗುಂಡಿ ಪಕ್ಕದಲ್ಲೇ ಬೋರ್‌ವೆಲ್ ಕೊರೆಸಿದ್ದೀರಿ. ಆ ನಲ್ಲಿ ನೀರಿನ ವಾಸನೆಗೆ ಗಂಗಮ್ಮನೇ ಮೂಗು ಮುಚ್ಚಿಕೋತಾಳೆ!”

ಪೂಜೆಯ ದಿನ ಬೆಳಿಗ್ಗೆ, ರಾತ್ರಿಯಿಡೀ ಸುರಿದ ಮಳೆ ನಿಂತಾಗ ಬೇಸ್‌ಮೆಂಟಿನಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಹಿಂದೆ ಬಾವಿಯಿದ್ದ ಮೂಲೆಯಲ್ಲಿ ನೆಲ ಬಿರಿದು, ತಿಳಿನೀರು ಬುಳುಬುಳು ಉಕ್ಕುತ್ತಿತ್ತು. ಕಾಮಾಕ್ಷಮ್ಮನ ಮುಖ ಅರಳಿತು. ಒಂದು ಕೈಯಲ್ಲಿ ಅರಿಸಿನ ಕುಂಕುಮದ ತಟ್ಟೆ, ಇನ್ನೊಂದರಲ್ಲಿ ಮೊಮ್ಮಗಳ ಕೈ ಹಿಡಿದು ಇಳಿದೇಬಿಟ್ಟರು.

“ಅಯ್ಯೋ, ದಾರಿ ಬಿಡಿ ಅಮ್ಮ! ಮೋಟರ್ ಹಾಕಿ ನೀರು ಎತ್ತಿಸಬೇಕು. ನನ್ನ ಹೊಸ ಕಾರು ಮುಳುಗ್ತಾ ಇದೆ!” ಎಂದು ನಂಜುಂಡಸ್ವಾಮಿ ಓಡಿ ಬಂದರು.

“ಅರ್ಧ ಗಂಟೆ ತಡ್ಕೊಳ್ಳಿ ಸ್ವಾಮಿ. ತವರಿಗೆ ಬಂದ ಗಂಗಮ್ಮನ್ನ ಕುಂಕುಮ ಕೊಡದೆ ಕಳಿಸ್ತಾರಾ?”

ನಂಜುಂಡಸ್ವಾಮಿ ಕಾರು ನೋಡಿದರು, ಅಜ್ಜಿಯನ್ನು ನೋಡಿದರು. ಕೊನೆಗೆ ಪ್ಯಾಂಟ್ ಮಡಚಿ ನೀರಿಗಿಳಿದು, ಆಕೆಯ ಕೈಯಿಂದ ತಟ್ಟೆ ತೆಗೆದುಕೊಂಡು ತಾವೇ ಹಿಡಿದು ನಿಂತರು. ಮೊಮ್ಮಗಳು ಉಕ್ಕುವ ನೀರಿಗೆ ಅರಿಸಿನ ಕುಂಕುಮ ಏರಿಸಿ ಕೈಮುಗಿದಳು.

“ಇನ್ನು ಮೋಟರ್ ಹಾಕಿಸಿಪ್ಪಾ,” ಎಂದರು ಕಾಮಾಕ್ಷಮ್ಮ.

ನಂಜುಂಡಸ್ವಾಮಿ ಅಲುಗಾಡಲಿಲ್ಲ.

“ನಮ್ಮ ಮಗಳಿಗೂ ಹೆರಿಗೆಯಾಗಿ ನಾಳಿದ್ದಿಗೆ ಮೂರು ತಿಂಗಳು ತುಂಬುತ್ತೆ ಅಮ್ಮ. ಅಲ್ಲೀವರೆಗೂ ನೀರು ಹೀಗೇ ಇರಲಿ ಬಿಡಿ.”