ಹಳದಿ ರೋಲರು
ಹಳೇ ಸಾಮಾನಿನ ಅಂಗಡಿಯವನಿಗೆ ರೇಗಿಹೋಗಿತ್ತು. ನರೆತಲೆಯ ಅಜ್ಜಿಯೊಬ್ಬಳು ಬೆಳಗ್ಗೆಯಿಂದ ಬುಟ್ಟಿ ಬುಟ್ಟಿ ಕೆದಕಿಸಿದ್ದಳು. ಕೊನೆಗೆ ಬೆರಳುದ್ದದ ತಗಡಿನ ಆಟದ ಗಾಡಿಗಳ ಸೆಟ್ಟೊಂದು ಸಿಕ್ಕಿತು: ಕ್ರೇನು, ಡಂಪರು, ಹಳದಿ ರೋಡ್ ರೋಲರು. ಅಜ್ಜಿ ರೋಲರನ್ನಷ್ಟೇ ಎತ್ತಿಕೊಂಡು ಸೆರಗಿನಲ್ಲಿ ಒರೆಸಿದಳು.

“ಬಿಡಿಯಾಗಿ ಕೊಡಲ್ಲ ಅಜ್ಜೀ. ಮೊಮ್ಮಗಂಗೆ ಮೂರೂ ತಗೊಂಡೋಗಿ.”

“ಮೊಮ್ಮಗಂಗಲ್ಲಪ್ಪ, ನಮ್ಮಣ್ಣಂಗೆ. ಉಳಿದೆರಡು ಮನೇಲೇ ಇವೆ. ಅವನ ರೋಲರನ್ನ ನಾನೇ ಜಗಳಾಡಿ ಬಾವಿಗೆಸೆದಿದ್ದೆ.”

ಅಂಗಡಿಯವನಿಗೆ ಸಿಟ್ಟು ಮರೆತು ನಗು ಬಂತು. “ಈ ವಯಸ್ಸಲ್ಲೂ ಅದೇ ಮುನಿಸಾ ನಿಮ್ಮಣ್ಣಂಗೆ?”

“ಅವನಿಗೆಲ್ಲಿ ವಯಸ್ಸಾಯ್ತಪ್ಪ? ನಾಳೆ ಪಿತೃಪಕ್ಷದ ಎಡೆಗೆ ಇದನ್ನಿಡ್ಬೇಕು. ಏಳು ವರ್ಷದೋನು, ಅದನ್ನ ತರ್ತೀನಿ ಅಂತ ಬಾವಿಗಿಳಿದು ಮೇಲೆ ಬರ್ಲೇ ಇಲ್ಲ.”